ತೂಕವೇ ಹೆಸರಾದ ನಾಣ್ಯ: ಪ್ರಾಚೀನ ಚೀನಾದ ಹಣದ ಪರಿಚಯ

ಪ್ರಾಚೀನ ಚೀನಾದ ನಾಣ್ಯಗಳಲ್ಲಿ ರಾಜವಂಶಗಳ ಹೆಸರು, ಇಸವಿಗಳೆಲ್ಲ ಮೊದಲಿಗೆ ಗೋಜಲಾಗಿ ಕಾಣುತ್ತವೆ. ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ದಾರಿ ತಪ್ಪುವುದಿಲ್ಲ: ನಾಣ್ಯದ ಮೇಲೆ ಬರೆದದ್ದಕ್ಕೂ ಅದರಲ್ಲಿರುವ ಲೋಹಕ್ಕೂ ತಾಳೆಯಾಗುತ್ತದೆಯೇ? ಅಲ್ಲಿನ ಹೆಚ್ಚಿನ ಸುಧಾರಣೆಗಳು ಈ ಪ್ರಶ್ನೆಗೆ ಕೊಟ್ಟ ಉತ್ತರಗಳೇ.

ಲೋಹದ ಹಣಕ್ಕೂ ಮೊದಲು ಅಲ್ಲಿ ಕವಡೆಗೆ ಬೆಲೆಯಿತ್ತು. ಕ್ರಿ.ಪೂ. 1200ರ ಸುಮಾರಿನ ಶಾಂಗ್ ರಾಣಿ ಫು ಹಾವೊಳ ಸಮಾಧಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಕವಡೆಗಳು ದೊರೆತಿವೆ. ಮುಂದೆ ಝೌ ಕಾಲದಲ್ಲಿ ಕಂಚಿನ ಹಣ ಬಂತು. ಕೆಲವು ರಾಜ್ಯಗಳಲ್ಲಿ ಅದು ಸಲಿಕೆಯ ಆಕಾರದಲ್ಲಿತ್ತು, ಕೆಲವೆಡೆ ಚಾಕುವಿನ ಆಕಾರದಲ್ಲಿ. ದಕ್ಷಿಣದ ಚು ರಾಜ್ಯದವರು ಕವಡೆಯಂಥ ಪುಟ್ಟ ಕಂಚಿನ ತುಂಡುಗಳನ್ನು ಬಳಸಿದರು.

ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹುವಾಂಗ್, ತನ್ನ ರಾಜ್ಯದಲ್ಲಿದ್ದ ದುಂಡು ನಾಣ್ಯವನ್ನೇ ಎಲ್ಲೆಡೆ ಜಾರಿಗೆ ತಂದ. ಅದರ ನಡುವೆ ಚೌಕದ ತೂತಿತ್ತು. ಹೆಸರು ಬಾನ್ ಲಿಯಾಂಗ್, ಅಂದರೆ ಅರ್ಧ ಲಿಯಾಂಗ್ ತೂಕ. ಒಂದು ಲಿಯಾಂಗಿಗೆ 24 ಝು; ಹಾಗಾಗಿ ಈ ನಾಣ್ಯ 12 ಝು ತೂಗಬೇಕು.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಗಮನಿಸಿ. ಭಾರತದ ಹಳೆಯ ಬೆಳ್ಳಿ ನಾಣ್ಯಗಳಿಗೆ ಮುದ್ರೆ ಒತ್ತುತ್ತಿದ್ದರು. ಚೀನಾದಲ್ಲಿ ಕರಗಿದ ಕಂಚನ್ನು ಅಚ್ಚಿಗೆ ಎರೆಯುತ್ತಿದ್ದರು. ತೂತಿನಲ್ಲಿ ಚೌಕದ ಸರಳು ತೂರಿಸಿ, ಹಲವು ನಾಣ್ಯಗಳ ಅಂಚನ್ನು ಒಟ್ಟಿಗೆ ಅರದಿಂದ ಉಜ್ಜಬಹುದಿತ್ತು. ದಾರದಲ್ಲಿ ಪೋಣಿಸಿ ಸಾಗಿಸಲೂ ಸುಲಭ. ತೊಂದರೆಯೂ ಇಲ್ಲೇ ಇತ್ತು. ಅಚ್ಚು, ತಾಮ್ರ, ಕುಲುಮೆ ಇದ್ದವರೆಲ್ಲ ನಾಣ್ಯ ಎರೆಯಬಹುದಿತ್ತು.

ಚಿನ್ ವಂಶದ ನಂತರ ಬಂದ ಹಾನ್ ವಂಶದವರು ಈ ತೊಂದರೆಯನ್ನು ಚೆನ್ನಾಗಿಯೇ ಅನುಭವಿಸಿದರು. ಬಾನ್ ಲಿಯಾಂಗ್ ಎಂಬ ಬರಹ ಹಾಗೇ ಉಳಿಯಿತು, ತೂಕ ಮಾತ್ರ ಇಳಿಯುತ್ತ ಹೋಯಿತು. ಕ್ರಿ.ಪೂ. 175ರಲ್ಲಿ ವೆನ್ ಚಕ್ರವರ್ತಿ ಅದನ್ನು 4 ಝುಗೆ ಇಳಿಸಿದ್ದಲ್ಲದೆ, ಖಾಸಗಿಯವರಿಗೂ ನಾಣ್ಯ ಎರೆಯುವ ಅನುಮತಿ ಕೊಟ್ಟ. ರೈತರು ಹೊಲ ಬಿಟ್ಟು ತಾಮ್ರ ಅಗೆಯಲು ಹೋಗುತ್ತಾರೆ, ಊರಿಗೊಂದು ತೂಕವಾಗುತ್ತದೆ ಎಂದು ವಿದ್ವಾಂಸ ಜಿಯಾ ಯಿ ಆಕ್ಷೇಪಿಸಿದ, ಚಕ್ರವರ್ತಿ ಕೇಳಲಿಲ್ಲ. ತಾಮ್ರದ ಗಣಿಗಳಿದ್ದ ವು ಪ್ರಾಂತದ ಅರಸ ಲಿಯು ಪಿ ನಾಣ್ಯ ಎರೆದೆರೆದು ಶ್ರೀಮಂತನಾದ, ಕ್ರಿ.ಪೂ. 154ರಲ್ಲಿ ಏಳು ರಾಜ್ಯಗಳ ದಂಗೆಗೆ ಮುಂದಾಳಾದ. ದಂಗೆ ಅಡಗಿತು, ಹತ್ತು ವರ್ಷಗಳಲ್ಲಿ ಖಾಸಗಿ ಎರಕಕ್ಕೆ ನಿಷೇಧ ಬಂತು.

ಗಟ್ಟಿಯಾದ ಪರಿಹಾರ ಬಂದದ್ದು ವು ಚಕ್ರವರ್ತಿಯ ಕಾಲದಲ್ಲಿ. ಕ್ರಿ.ಪೂ. 118ರಲ್ಲಿ ‘ವು ಝು’, ಅಂದರೆ ಐದು ಝು, ನಾಣ್ಯ ಹೊರಬಂತು. ಅದು ಬರೆದಷ್ಟೇ ತೂಗುತ್ತಿತ್ತು, ಸುಮಾರು ಮೂರೂಕಾಲು ಗ್ರಾಂ. ಯಾರೂ ಲೋಹ ಕೆರೆದು ಕದಿಯದಂತೆ ಅಂಚಿಗೆ ಉಬ್ಬಿದ ಏಣು ಇತ್ತು. ಕ್ರಿ.ಪೂ. 113ರಲ್ಲಿ ಎರಕದ ಹಕ್ಕನ್ನು ಪ್ರಾಂತಗಳಿಂದ ಕಿತ್ತುಕೊಂಡು, ರಾಜಧಾನಿಯ ಬಳಿಯ ಶಾಂಗ್‌ಲಿನ್ ಉದ್ಯಾನದ ಟಂಕಸಾಲೆಗಳಿಗಷ್ಟೇ ಕೊಡಲಾಯಿತು.

ಆ ಪಾಠವನ್ನು ಮರೆತವನು, ಮುಂದೆ ಹಾನ್ ಗದ್ದುಗೆಯನ್ನೇ ಕಸಿದುಕೊಂಡ ರಾಜಪ್ರತಿನಿಧಿ ವಾಂಗ್ ಮಾಂಗ್. ಕ್ರಿ.ಶ. 7ರಲ್ಲಿ ಅವನು ತಂದ, ಚಿನ್ನದ ಅಕ್ಷರ ಕೂರಿಸಿದ ಚಾಕು ನಾಣ್ಯಕ್ಕೆ 5000 ವು ಝುಗಳ ಬೆಲೆ ಕಟ್ಟಿದ. ಅದರ ತೂಕವೋ ಇಪ್ಪತ್ತು ವು ಝುಗಳಷ್ಟೂ ಇರಲಿಲ್ಲ. ಕ್ರಿ.ಶ. 10ರಲ್ಲಿ ಚಿನ್ನ, ಬೆಳ್ಳಿ, ಆಮೆಚಿಪ್ಪು, ಕವಡೆ, ಕಂಚು ಎಲ್ಲ ಸೇರಿಸಿ 28 ಬಗೆಯ ಹಣ ತಂದ. ಜನ ಗುಟ್ಟಾಗಿ ಹಳೆಯ ವು ಝುವನ್ನೇ ಬಳಸಿದರು. ಗಡೀಪಾರಿನ ಬೆದರಿಕೆಗೂ ಜಗ್ಗಲಿಲ್ಲ. ಕ್ರಿ.ಶ. 23ರಲ್ಲಿ ಅವನ ಆಳ್ವಿಕೆಯೇ ಮುಗಿಯಿತು. ಕ್ರಿ.ಶ. 40ರಲ್ಲಿ ವು ಝು ಅಧಿಕೃತವಾಗಿ ಮರಳಿತು.

ಅಲ್ಲಿಂದಾಚೆಗೂ ಶತಮಾನಗಳ ಕಾಲ ಬೇರೆಬೇರೆ ವಂಶಗಳು ಆ ಹೆಸರಿನಲ್ಲೇ ನಾಣ್ಯ ಎರೆದವು. ಕ್ರಿ.ಶ. 621ರಲ್ಲಿ ತಾಂಗ್ ವಂಶ ‘ಕೈಯುವಾನ್ ತೋಂಗ್‌ಬಾವೊ’ ತಂದಾಗ ಅದರ ಮೇಲೆ ತೂಕದ ಬರಹವೇ ಇರಲಿಲ್ಲ. ಇಂಥ ಹತ್ತು ನಾಣ್ಯ ಸೇರಿದರೆ ಒಂದು ಲಿಯಾಂಗ್ ಎಂದು ಗೊತ್ತುಮಾಡಲಾಗಿತ್ತು. ಮುಂದೆ ಲಿಯಾಂಗಿನ ಹತ್ತನೆಯ ಒಂದು ಭಾಗಕ್ಕೆ ನಾಣ್ಯದ ಹೆಸರೇ ಬಂತು. ತೂಕದಿಂದ ಹೆಸರು ಪಡೆದು ಶುರುವಾದ ಚೀನೀ ನಾಣ್ಯ, ಕೊನೆಗೆ ತೂಕಕ್ಕೇ ಹೆಸರು ಕೊಡುವಷ್ಟು ನಂಬಿಕೆ ಗಳಿಸಿತ್ತು.