ಬಿದ್ದ ವಿಮಾನವೂ ಹಬ್ಬಿದ ಮಾತೂ



ಒಂದು ಮನೆಯಲ್ಲಿ ಆಕಸ್ಮಿಕವಾದ ಮರಣವು ಸಂಭವಿಸಿದರೆ ಊರೆಲ್ಲಾ ಅದನ್ನು ಕುರಿತು ಮಾತಾಡುವದು. ಸತ್ತವರು ಹೆಸರಾದವರಾಗಿದ್ದರೆ ನಾಡೆಲ್ಲಾ ಮಾತಾಡುವದು. ಹಾಗೆ ಮಾತಾಡುವಾಗ ತಾವು ತಿಳಿದದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರ್ಪಡಿಸಿ ನೋಡುವವರು ಸ್ವಲ್ಪ ಜನ. ಚಿತ್ರನಟಿ ಸೌಂದರ್ಯಾ ಅವರು ತೀರಿಕೊಂಡ ವಿಮಾನದ ಅಪಘಾತವನ್ನು ಕುರಿತು ನಮ್ಮ ಯಲಿಯೂರಿನ ಆಲೆಮನೆಗಳ ಮುಂದೆಯೂ ರೈಲು ನಿಲ್ದಾಣದಲ್ಲಿಯೂ ಇಂದಿಗೂ ಮಾತು ಏಳುವದುಂಟು. ಆದಕಾರಣ ಅದನ್ನೇ ಈ ಪಾಠಕ್ಕೆ ದೃಷ್ಟಾಂತವಾಗಿ ತೆಗೆದುಕೊಳ್ಳುವೆವು.

೧. ನಡೆದ ಸಂಗತಿ

೨೦೦೪ನೆಯ ಇಸವಿ ಏಪ್ರಿಲ್ ೧೭ನೆಯ ತಾರೀಖು ಶನಿವಾರ, ಬೆಳಿಗ್ಗೆ ಸುಮಾರು ೧೧ ಘಂಟೆಗೆ, ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಿಂದ ಸೆಸ್ನಾ ೧೮೦ ಎಂಬ ಸಣ್ಣ ವಿಮಾನವು ಮೇಲಕ್ಕೆ ಹೊರಟಿತು. ಅದಕ್ಕೆ ಒಂದೇ ಎಂಜಿನು. ಸೌಂದರ್ಯಾ ಅವರೂ ಅವರ ಸಹೋದರರೂ ಪಕ್ಷದ ಕಾರ್ಯಕರ್ತರೊಬ್ಬರೂ ಪೈಲಟರೂ ಸೇರಿ ಒಳಗಿದ್ದವರು ನಾಲ್ವರು. ಲೋಕಸಭೆಯ ಚುನಾವಣೆಯ ಪ್ರಚಾರಕ್ಕಾಗಿ ಅವರು ಆಗ ಆಂಧ್ರಪ್ರದೇಶಕ್ಕೆ ಸೇರಿದ್ದ ಕರೀಂನಗರಕ್ಕೆ ಹೋಗಬೇಕಾಗಿತ್ತು. ಸುಮಾರು ನೂರು ಅಡಿ ಏರುವಷ್ಟರಲ್ಲಿ ವಿಮಾನವು ಹತ್ತಿರದ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಬಿದ್ದು ಉರಿಯಿತು. ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ.

ಸೌಂದರ್ಯಾ ಅವರು ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯವರು. ಕನ್ನಡ, ತೆಲುಗು ಮುಂತಾದ ಭಾಷೆಗಳ ಚಿತ್ರಗಳಲ್ಲಿ ನಟಿಸಿದರು. ಅವರೇ ನಿರ್ಮಿಸಿ ನಟಿಸಿದ, ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ‘ದ್ವೀಪ’ ಎಂಬ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ದೊರಕಿತ್ತು. ಇಂಥವರು ಎಳೆಯ ವಯಸ್ಸಿನಲ್ಲಿ ಹೀಗೆ ಹೋದರೆಂದು ಕೇಳಿ ಜನರು ಮರುಗಿದ್ದು ಸಹಜವೇ. ಆದರೆ ಮರುಕದ ಬೆನ್ನ ಹಿಂದೆಯೇ ಬೇರೆ ಮಾತುಗಳೂ ಹೊರಟವು.

೨. ಹಬ್ಬಿದ ಮಾತುಗಳು

ಮೊದಲನೆಯದು, ಶಾಪದ ಮಾತು. ಅವರು ನಾಗವಲ್ಲಿ ಎಂಬ ಪಾತ್ರವನ್ನು ಮಾಡಿದ ‘ಆಪ್ತಮಿತ್ರ’ ಚಿತ್ರವು ಅವರು ತೀರಿಕೊಂಡ ಮೇಲೆ, ೨೦೦೪ನೆಯ ಆಗಸ್ಟ್ ತಿಂಗಳಲ್ಲಿ, ಬಿಡುಗಡೆಯಾಯಿತು. ಅದೇ ಚಿತ್ರದ ನಾಯಕರಾದ ವಿಷ್ಣುವರ್ಧನರು ೨೦೦೯ನೆಯ ಡಿಸೆಂಬರ್ ೩೦ರಂದು ತೀರಿಕೊಂಡಾಗ, ಇದೆಲ್ಲಾ ನಾಗವಲ್ಲಿಯ ಕಾಟವೆಂದು ಆಡಿಕೊಂಡರು. ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಇದೇ ಕಥೆಯು ೧೯೯೩ರಲ್ಲಿ ಮಲಯಾಳದಲ್ಲಿಯೂ ೨೦೦೫ರಲ್ಲಿ ತಮಿಳಿನಲ್ಲಿಯೂ ಚಿತ್ರವಾಯಿತು. ಅಲ್ಲಿ ಅದೇ ಪಾತ್ರವನ್ನು ಮಾಡಿದ ಶೋಭನಾ, ಜ್ಯೋತಿಕಾ ಎಂಬುವರು ಆಮೇಲೆ ಅನೇಕ ವರುಷ ನಟಿಸುತ್ತಾ ಬಂದರು. ಶಾಪವು ಗಡಿಯನ್ನು ದಾಟಲಾರದೋ? ಸತ್ತವರನ್ನು ಎಣಿಸಿ ಬದುಕಿದವರನ್ನು ಎಣಿಸದೆ ಬಿಟ್ಟರೆ ಯಾವ ಶಾಪವನ್ನಾದರೂ ಸ್ಥಾಪಿಸಬಹುದು. ಸಿಲೊವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತ ಸಂಗತಿಯನ್ನು ವಾಚಕರು ಬಲ್ಲರು. ಅವರು ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂಬ ಎಣಿಕೆಯನ್ನು ಕರ್ತನು ಅಲ್ಲಿಯೇ ಅಲ್ಲಗಳೆದನು.

ಎರಡನೆಯದು, ಪೈಲಟರ ತಪ್ಪೆಂಬ ಮಾತು. ಇಂಥಾ ಅಪಘಾತವು ಎಲ್ಲಿ ಆದರೂ ಜನರು ಆ ಸಂಜೆಯೇ ಈ ತೀರ್ಪನ್ನು ಕೊಟ್ಟುಬಿಡುವರು. ಯಾಕಂದರೆ ಸತ್ತವನು ಎದ್ದು ಉತ್ತರ ಹೇಳಲಾರನು. ಅವನಿಗೂ ಮನೆಮಕ್ಕಳಿದ್ದಾರೆಂಬದು ಯಾರ ನೆನಪಿಗೂ ಬರುವದಿಲ್ಲ.

ಮೂರನೆಯದು, ಕೊಲೆಯ ಮಾತು. ಸುಮಾರು ೨೧ ವರುಷಗಳಾದ ಮೇಲೆ, ೨೦೨೫ನೆಯ ಮಾರ್ಚ್ ತಿಂಗಳಲ್ಲಿ, ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ ಒಬ್ಬನು ದೂರನ್ನು ಬರೆದುಕೊಟ್ಟು, ಇದು ಅಪಘಾತವಲ್ಲ, ಒಂದು ಜಮೀನಿಗಾಗಿ ಮಾಡಿಸಿದ ಕೊಲೆ ಎಂದು ತೆಲುಗಿನ ಹಿರಿಯ ನಟರೊಬ್ಬರ ಮೇಲೆ ಆರೋಪ ಹೊರಿಸಿದನು. ಆ ನಟರ ಹೆಸರನ್ನು ನಾವು ಇಲ್ಲಿ ಬರೆಯುವದಿಲ್ಲ; ಬರೆದರೆ ಆ ಹೊರೆಯನ್ನು ಇನ್ನೊಂದು ಊರಿಗೆ ಹೊತ್ತುಕೊಂಡು ಹೋದವರಾಗುವೆವು. ಸುದ್ದಿಯು ಒಂದೆರಡು ದಿನಗಳಲ್ಲಿ ಎಲ್ಲರ ಮೊಬೈಲುಗಳಿಗೂ ಬಂದಿತು. ಆಗ ಸೌಂದರ್ಯಾ ಅವರ ಪತಿಯೇ ಮುಂದೆ ಬಂದು, ತಮಗೆ ಆ ನಟರೊಂದಿಗೆ ಅಂಥಾ ಜಮೀನಿನ ವ್ಯವಹಾರವೇ ಇರಲಿಲ್ಲವೆಂದೂ ಈ ಸುದ್ದಿಯನ್ನು ಹಬ್ಬಿಸಬಾರದೆಂದೂ ಬಹಿರಂಗವಾಗಿ ತಿಳಿಸಬೇಕಾಯಿತು. ಹೆಂಡತಿಯನ್ನು ಕಳೆದುಕೊಂಡವರು ಅಷ್ಟು ವರುಷಗಳ ಮೇಲೆ ಇನ್ನೊಬ್ಬರ ಮಾತಿಗೆ ಉತ್ತರ ಕೊಡುವ ಸ್ಥಿತಿಗೆ ಬಂದರು. ಕೇಳಿದ್ದನ್ನು ಮುಂದಕ್ಕೆ ಕಳುಹಿಸಿದವರಿಗೆ ಒಂದು ಕ್ಷಣದ ಕೆಲಸ. ಮನೆಯವರಿಗೆ ಅದು ಮತ್ತೊಂದು ಸಾವು.

೩. ನಿಜವನ್ನು ಹುಡುಕುವ ಕ್ರಮ

ಹಾಗಾದರೆ ಪ್ರಶ್ನೆಯನ್ನೇ ಕೇಳಬಾರದೋ ಎಂದು ಯಾರಾದರೂ ಅಂದಾರು. ಕೇಳಲೇ ಬೇಕು. ಆದರೆ ಉತ್ತರವನ್ನು ಹುಡುಕುವದಕ್ಕೆ ಒಂದು ಕ್ರಮವುಂಟು.

ವಿಮಾನವನ್ನು ಎತ್ತಿ ಹಿಡಿಯುವದು ಅದರ ರೆಕ್ಕೆಗಳನ್ನು ಸವರಿ ಹರಿಯುವ ಗಾಳಿ. ವೇಗವು ತೀರಾ ಕುಗ್ಗಿದರೆ, ಇಲ್ಲವೆ ಮೂತಿಯು ಮಿತಿಮೀರಿ ಮೇಲಕ್ಕೆದ್ದರೆ, ಆ ಆಧಾರವು ತಪ್ಪುವದು. ಸಾವಿರಾರು ಅಡಿಗಳ ಎತ್ತರದಲ್ಲಿ ಹೀಗಾದರೆ ಮೂತಿಯನ್ನು ತಗ್ಗಿಸಿ ವೇಗವನ್ನು ತಿರಿಗಿ ಪಡೆಯಲು ಎಡೆಯುಂಟು. ನೂರು ಅಡಿ ಎಂದರೆ ಎರಡು ತೆಂಗಿನ ಮರಗಳ ಎತ್ತರ ಮಾತ್ರ. ಅಲ್ಲಿಂದ ಚೇತರಿಸಿಕೊಳ್ಳಲು ಹೊತ್ತೇ ಸಾಲದು. ಇದು ಸಣ್ಣ ವಿಮಾನಗಳೆಲ್ಲಕ್ಕೂ ಸಲ್ಲುವ ಸಾಮಾನ್ಯ ಸಂಗತಿ. ಜಕ್ಕೂರಿನಲ್ಲಿ ಹೀಗೆಯೇ ಆಯಿತೆಂದು ನಾವು ಹೇಳುವದಲ್ಲ.

ದೊಡ್ಡ ವಿಮಾನಗಳಲ್ಲಿ ಹಾರಾಟದ ವಿವರವನ್ನೂ ಪೈಲಟರ ಮಾತನ್ನೂ ದಾಖಲು ಮಾಡುವ ಪೆಟ್ಟಿಗೆಗಳಿರುತ್ತವೆ. ನಾಲ್ಕು ಆಸನದ ವಿಮಾನಗಳಲ್ಲಿ ಅವು ಸಾಮಾನ್ಯವಾಗಿ ಇರುವದಿಲ್ಲ. ಆದಕಾರಣ ತನಿಖೆಯವರು ಬಿದ್ದ ಚೂರುಗಳನ್ನೇ ಓದಬೇಕು. ಮುಂದಿನ ಪಂಖದ ಅಲಗುಗಳು ಬಾಗಿರುವ ರೀತಿಯಿಂದ ನೆಲಕ್ಕೆ ತಗಲಿದಾಗ ಎಂಜಿನಿಗೆ ಬಲವಿತ್ತೋ ಇಲ್ಲವೋ ಎಂದು ಅರಿಯುವರು, ಇಂಧನವನ್ನು ಪರೀಕ್ಷಿಸುವರು, ಒಳಗಿದ್ದ ಭಾರವನ್ನು ಲೆಕ್ಕಹಾಕುವರು, ದುರಸ್ತಿಯ ಪುಸ್ತಕಗಳನ್ನೂ ಆ ದಿನದ ಗಾಳಿಯನ್ನೂ ನೋಡುವರು. ಕಣ್ಣಾರೆ ಕಂಡವರ ಮಾತನ್ನೂ ಕೇಳುವರು. ಆದರೆ ಅದೊಂದನ್ನೇ ನಂಬಿ ತೀರ್ಮಾನಿಸರು.

ನಮ್ಮ ದೇಶದಲ್ಲಿ ಮೊದಲು ಈ ಕೆಲಸವು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ಕೈಯಲ್ಲಿತ್ತು. ೨೦೧೨ರಲ್ಲಿ ಇದಕ್ಕಾಗಿಯೇ ವಿಮಾನ ಅಪಘಾತ ತನಿಖಾ ಸಂಸ್ಥೆಯು ಸ್ಥಾಪಿತವಾಯಿತು. ೧೯೪೪ರಲ್ಲಿ ಶಿಕಾಗೋ ನಗರದಲ್ಲಿ ಆದ ಒಪ್ಪಂದವನ್ನು ಅನುಸರಿಸಿದ ನಿಯಮಗಳ ಪ್ರಕಾರ ಇಂಥಾ ತನಿಖೆಯ ಉದ್ದೇಶವು ಇನ್ನೊಮ್ಮೆ ಹಾಗಾಗದಂತೆ ತಡೆಯುವದೇ. ಅಪರಾಧವನ್ನು ಒಬ್ಬರ ತಲೆಯ ಮೇಲೆ ಹೊರಿಸುವದು ಅದರ ಕೆಲಸವಲ್ಲ. ಎಲ್ಲವನ್ನೂ ತೂಗಿ ಅಂತಿಮ ವರದಿ ಬರೆಯಲು ವರುಷವೇ ಹಿಡಿಯಬಹುದು. ಜನರ ನಾಲಿಗೆಗೆ ಒಂದು ಘಂಟೆಯೂ ಬೇಡ.

೪. ನಮಗೆ ಪಾಠವೇನು?

ನಮ್ಮ ಜಿಲ್ಲೆಯ ಒಂದು ದಿನವನ್ನು ನೆನಪಿಗೆ ತರುವೆವು. ೨೦೧೮ನೆಯ ನವೆಂಬರ್ ೨೪ರಂದು ಪಾಂಡವಪುರ ತಾಲೂಕಿನ ಕನಗನಮರಡಿಯ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ೩೦ ಮಂದಿ ಸತ್ತರು; ಅವರಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಮಂಡ್ಯದವರೆಲ್ಲರ ಪ್ರೀತಿಗೆ ಪಾತ್ರರಾದ ಅಂಬರೀಶರು ಬೆಂಗಳೂರಿನಲ್ಲಿ ತೀರಿಕೊಂಡರು. ಮರುದಿನ ನಾಡಿನ ಕಣ್ಣೆಲ್ಲಾ ಅತ್ತ ತಿರುಗಿತು. ಜಕ್ಕೂರಿನಲ್ಲಿಯೂ ಹಾಗೆಯೇ: ಸತ್ತವರು ನಾಲ್ವರು, ನಾವು ಮಾತಾಡುವದು ಒಬ್ಬರನ್ನು ಕುರಿತು. ಹೆಸರಿನ ಮೇಲಣ ಕುತೂಹಲವು ಬೇರೆ, ದುಃಖಪಡುವವರ ಮೇಲಣ ಕನಿಕರವು ಬೇರೆ. ಕನಿಕರವು ನಾಲ್ಕು ಮನೆಗಳನ್ನೂ ನೆನಸುವದು.

ಆದಕಾರಣ ಇಂಥಾ ಸುದ್ದಿ ಬಂದಾಗ ಮೂರು ಮಾತುಗಳನ್ನು ಮನಸ್ಸಿನಲ್ಲಿಡೋಣ. ಹೇಳಿದವನು ಕಂಡವನೋ, ಕೇಳಿದವನೋ ಎಂದು ವಿಚಾರಿಸಬೇಕು. ತಿಳಿಯದಲ್ಲಿ ತಿಳಿಯದೆಂದು ಹೇಳುವದಕ್ಕೆ ನಾಚಬಾರದು. ಸತ್ತವರ ಮನೆಯವರು ನಮ್ಮ ಎದುರಿಗೆ ಕೂತಿದ್ದರೆ ಈ ಮಾತನ್ನು ಆಡುವೆವೋ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಆಡಲಾರದ್ದನ್ನು ಅವರ ಬೆನ್ನ ಹಿಂದೆಯೂ ಆಡದಿರುವದೇ ನೆರೆಯವನ ಮೇಲಣ ಪ್ರೀತಿ.

ಆಲೋಚನೆಗಾಗಿ ಪ್ರಶ್ನೆಗಳು

೧. ಶಾಪದ ಮಾತನ್ನು ಪರೀಕ್ಷಿಸುವಾಗ ಬದುಕಿದವರನ್ನೂ ಎಣಿಸಬೇಕು, ಯಾಕೆ?

೨. ಅಪಘಾತದ ತನಿಖೆಗೂ ಅಪರಾಧದ ವಿಚಾರಣೆಗೂ ಇರುವ ವ್ಯತ್ಯಾಸವೇನು?

೩. ಈ ತಿಂಗಳಲ್ಲಿ ನೀವು ಕೇಳಿ ಮತ್ತೊಬ್ಬರಿಗೆ ಹೇಳಿದ ಸುದ್ದಿಗಳಲ್ಲಿ ಎಷ್ಟನ್ನು ಕಂಡವರ ಬಾಯಿಂದಲೇ ಕೇಳಿದಿರಿ?