ರೇಸಿಗೆ ಗೆಳೆಯನ ಸೈಕಲ್: ತಗೋಬೇಕೋ ಬ್ಯಾಡೋ?

ಹಾಸ್ಟೆಲ್‌ನಲ್ಲಿ ನಿಮ್ಮದು 26 ಇಂಚಿನ ಹಳೇ ಎಂಟಿಬಿ, ಪಕ್ಕದ ರೂಮಿನವನದು ಹೊಸ 29 ಇಂಚು. ಮುಂದಿನ ಭಾನುವಾರ ಹವ್ಯಾಸಿಗಳ ರೇಸ್. "ನಂದ ತಗೊಂಡ ಹೋಗಲೇ, ಗಾಳಿ ಹೋದಂಗ ಹೋಗತೈತಿ" ಅಂತಾನೆ ಅವನು. ಪಕ್ಕದ ಗದಗಿನಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ಪೇ ನಡೆದಿದೆ, ಈ ಆಟ ನಮ್ಮ ಕಡೆಗೆ ಹೊಸದೇನಲ್ಲ. ಕಟ್ಟೆ ಮೇಲೆ ಕೂತು ವಾದ ಮಾಡುವ ಬದಲು ಲೆಕ್ಕ ಹಾಕಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮೊದಲು ಗಾಲಿ. 26, 29 ಅನ್ನೋದು ಅಂದಾಜಿನ ಹೆಸರು. ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 559 ಮತ್ತು 622 ಮಿ.ಮೀ. ಎರಡಕ್ಕೂ 54 ಮಿ.ಮೀ. ಟೈರು ಹಾಕಿದರೆ ಹೊರವ್ಯಾಸ 667 ಮತ್ತು 730. ಸುತ್ತಳತೆ ಸುಮಾರು 2.10 ಮತ್ತು 2.29 ಮೀಟರ್. ಎದುರಿಗೆ 8 ಸೆಂ.ಮೀ. ಎತ್ತರದ ಕಲ್ಲು ಬಂತು ಅಂದುಕೊಳ್ಳಿ. ಮೊದಲ ಸೆಮಿಸ್ಟರ್ ಮೆಕ್ಯಾನಿಕ್ಸಿನ ರೋಲರ್ ಲೆಕ್ಕವೇ ಇದು: ಹತ್ತಿಸಲು ಬೇಕಾದ ಅಡ್ಡಬಲ ದೊಡ್ಡ ಗಾಲಿಗೆ ಶೇ. 6ರಷ್ಟು ಕಡಿಮೆ. ಲಾಭ ಹೌದು, ಪವಾಡ ಅಲ್ಲ.

ಇನ್ನು ಗೇರು. ಬಹಳ ಜನ ನೋಡದೇ ಬಿಡೋದು ಇದನ್ನೇ. ಹಳೇ ಸೈಕಲ್ಲಿಗೆ ಮುಂದೆ ಮೂರು ಚಕ್ರ, ಅತಿ ಸಣ್ಣದಕ್ಕೆ 22 ಹಲ್ಲು, ಹಿಂದೆ ದೊಡ್ಡದಕ್ಕೆ 28 ಇದ್ದರೆ ಪೆಡಲ್ ಒಂದು ಸುತ್ತಿಗೆ 22÷28×2.10, ಅಂದರೆ 1.65 ಮೀಟರ್ ಮುಂದೆ ಹೋಗುತ್ತೆ. ಹೊಸದಕ್ಕೆ ಮುಂದೆ ಒಂದೇ ಚಕ್ರ, 32 ಹಲ್ಲು, ಹಿಂದೆ 42 ಇದ್ದರೆ 1.75 ಮೀಟರ್. ಅಂದರೆ ಹೊಸ ಸೈಕಲ್ಲಿನ ಅತಿ ಹಗುರ ಗೇರೇ ಹಳೇದಕ್ಕಿಂತ ಶೇ. 6 ಭಾರ! ಸಪಾಟು ದಾರಿಯಲ್ಲಿ ಗೊತ್ತಾಗಲ್ಲ, ಕಡಿದಾದ ಏರಿನಲ್ಲಿ ಮೊಣಕಾಲು ಹೇಳುತ್ತೆ. ಹಿಂದೆ 46 ಹಲ್ಲಿನ ಚಕ್ರ ಇದ್ದರೆ ಲೆಕ್ಕ ತಿರುಗುತ್ತೆ, 1.60 ಆಗುತ್ತೆ. ಅದಕ್ಕೇ ಕಂಪನಿ ಹೆಸರು ಓದೋ ಮುಂಚೆ ಹಲ್ಲು ಎಣಿಸಿ.

ತೂಕದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳೋದು ಬೇಡ. 3 ಕಿಲೋ ಕಡಿಮೆ ಇದ್ದರೆ 50 ಮೀಟರ್ ಎತ್ತರ ಏರುವಾಗ ಉಳಿಯೋದು 1470 ಜೂಲ್. 200 ವಾಟ್ ತುಳಿಯುವವನಿಗೆ ಏಳು ಸೆಕೆಂಡು ಚಿಲ್ಲರೆ.

ನಮ್ಮ ಧಾರವಾಡದಲ್ಲಿ ಇದೆಲ್ಲಕ್ಕಿಂತ ಮಣ್ಣಿನ ಮಾತೇ ದೊಡ್ಡದು. ಹಳಿಯಾಳದ ಕಡೆ ಹೋದರೆ ಕೆಂಪು ಮಸಾರಿ, ನವಲಗುಂದದ ಕಡೆ ಎರೆ. ಮಳೆ ಬಿದ್ದ ಎರೆಯಲ್ಲಿ ಟೈರಿಗೂ ಫ್ರೇಮಿಗೂ ನಡುವೆ ಎರಡು ಬೆರಳು ಜಾಗ ಇಲ್ಲದಿದ್ದರೆ ಯಾವ ಗಾಲಿಯೂ ತಿರುಗಲ್ಲ; ಸೈಕಲ್ ಹೆಗಲ ಮೇಲೆ ಬರುತ್ತೆ. ಒಣ ಕಲ್ಲುದಾರಿಗೆ ಗಾಳಿ ಕಲ್ಲಿನಂಗೆ ತುಂಬಿಸಬೇಡಿ. ಟೈರು ಪುಟಿದಷ್ಟೂ ನಿಮ್ಮ ಶಕ್ತಿ ಮೇಲಕ್ಕೆ ಹೋಗುತ್ತೆ, ಮುಂದಕ್ಕಲ್ಲ. ಹಾಗಂತ ತೀರಾ ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ಸಿಕ್ಕಿ ಪಂಕ್ಚರ್.

ಉಳಿದರ್ಧ ಓಡಿಸಿಯೇ ನೋಡಬೇಕು. ಹೊಸ ಸೈಕಲ್ ಒಂದು ಸಲ ಓಡಿಸಿ "ಮಸ್ತ್ ಐತಿ" ಅಂದರೆ ಅದು ಪ್ರಯೋಗ ಅಲ್ಲ, ಖುಷಿ. ಸೀಟಿನ ಎತ್ತರ, ಟೈರಿನ ಗಾಳಿ ಮೊದಲೇ ಹೊಂದಿಸಿಕೊಂಡು, ಕೆಲಗೇರಿ ಕಡೆ ಹತ್ತು ನಿಮಿಷದ ಒಂದು ಸುತ್ತು ಗುರುತು ಮಾಡಿ, ಹಳೇದು, ಹೊಸದು, ಹೊಸದು, ಹಳೇದು ಈ ಕ್ರಮದಲ್ಲಿ ನಾಲ್ಕು ಸುತ್ತು ಹೊಡೆಯಿರಿ. ದಣಿವು ಒಂದೇ ಸಮ ಏರುತ್ತಾ ಹೋದರೆ ಎರಡೂ ಸೈಕಲ್ಲಿಗೆ ಸಮನಾಗಿ ಹಂಚಿಹೋಗುತ್ತೆ. ಹೊಸದರ ಎರಡು ಸುತ್ತುಗಳ ನಡುವೆಯೇ ಹದಿನೈದು ಸೆಕೆಂಡು ಫರಕು ಬಂದು, ಹಳೇದಕ್ಕೂ ಹೊಸದಕ್ಕೂ ಸರಾಸರಿ ಫರಕು ಬರೀ ಹತ್ತು ಇದ್ದರೆ ಏನೂ ಸಾಬೀತಾಗಿಲ್ಲ. ಅಂಥ ಹೊತ್ತಿನಲ್ಲಿ ನಾನಂತೂ ಮೈಗೆ ಒಗ್ಗಿದ ಹಳೇದನ್ನೇ ಒಯ್ಯುತ್ತೇನೆ.

2012ರ ಲಂಡನ್ ಒಲಿಂಪಿಕ್ಸಿನ ಪುರುಷರ ರೇಸಿನಲ್ಲಿ ಚಿನ್ನ ಗೆದ್ದ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಓಡಿಸಿದ್ದು 29 ಇಂಚು. ಬೆಳ್ಳಿ ಗೆದ್ದ ಸ್ವಿಸ್ ಸವಾರ ನಿನೊ ಶೂರ್ಟರ್ ಓಡಿಸಿದ್ದು 27.5. ಸುಮಾರು ಒಂದೂವರೆ ತಾಸಿನ ರೇಸು, ನಡುವಿನ ಅಂತರ ಒಂದೇ ಸೆಕೆಂಡು.

ಗೆಳೆಯನದ್ದೇ ಒಯ್ಯುವುದಾದರೆ ಒಂದು ಕೆಲಸ ತಪ್ಪಿಸಬೇಡಿ. ಬಲಗೈ ಲಿವರ್ ಮುಂದಿನ ಬ್ರೇಕೋ ಹಿಂದಿನದೋ ನೋಡಿಕೊಳ್ಳಿ, ಸೈಕಲ್ಲಿನಿಂದ ಸೈಕಲ್ಲಿಗೆ ಇದು ಅದಲುಬದಲಾಗಿರುತ್ತೆ. ಡಿಸ್ಕ್ ಬ್ರೇಕ್ ಇದ್ದರೆ ಎರಡು ಬೆರಳು ಸಾಕು. ಹಳೇ ರಿಮ್ ಬ್ರೇಕಿನ ರೂಢಿಯಲ್ಲಿ ನಾಲ್ಕೂ ಬೆರಳು ಹಾಕಿ ಇಳಿಜಾರಿನಲ್ಲಿ ಮುಂದಿನದನ್ನು ಎಳೆದರೆ ಸೈಕಲ್ ನಿಲ್ಲುತ್ತೆ, ನೀವು ನಿಲ್ಲಲ್ಲ.