ಆರೋಗ್ಯ ಪ್ರಶ್ನೋತ್ತರ: ಮಂಡಿಚಿಪ್ಪಿಗೂ ಬಟನ್ ಬೇಕೇ?

ಪ್ರಶ್ನೆ: ನನಗೆ 64 ವರ್ಷ. ಎರಡೂ ಮೊಣಗಂಟು ಸವೆದಿದೆ. ಒಬ್ಬ ಡಾಕ್ಟರರು ಗಂಟು ಬದಲಿಸುವಾಗ ಚಿಪ್ಪಿಗೂ ಪ್ಲಾಸ್ಟಿಕ್ ಬಟನ್ ಹಾಕುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಚಿಪ್ಪನ್ನು ಮುಟ್ಟುವುದೇ ಇಲ್ಲ ಎನ್ನುತ್ತಾರೆ. ಯಾರ ಮಾತು ಕೇಳಲಿ? ಸ್ವಲ್ಪ ಸಕ್ಕರೆ ಕಾಯಿಲೆಯೂ ಉಂಟು.
– ಓದುಗರು, ಸುಳ್ಯ

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ, ಅಮ್ಮ. ಗಂಟು ಬದಲಿಸುವುದೆಂದರೆ ಇಡೀ ಗಂಟನ್ನು ಕಿತ್ತು ತೆಗೆಯುವುದಲ್ಲ. ತೊಡೆ ಎಲುಬಿನ ತುದಿಯನ್ನೂ ಮೊಣಕಾಲಿನ ಕೆಳಗಿನ ಎಲುಬಿನ ತಲೆಯನ್ನೂ ತೆಳ್ಳಗೆ ಕತ್ತರಿಸಿ, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಚಿಪ್ಪಿನ ಒಳಮೈಗೂ ಒಂದು ಬಟನ್ ಕೂರಿಸಬಹುದು, ಕೂರಿಸದೆಯೂ ಬಿಡಬಹುದು. ಅಮೆರಿಕದ ಸರ್ಜನರು ಬಹುಪಾಲು ಹಾಕುತ್ತಾರೆ, ಸ್ವೀಡನ್ನಿನವರು ಅಪರೂಪಕ್ಕೆ. ಬ್ರಿಟನ್ನಿನಲ್ಲಿ 1999ರಿಂದ 2003ರ ನಡುವೆ 1,715 ರೋಗಿಗಳಲ್ಲಿ ಯಾರಿಗೆ ಬಟನ್, ಯಾರಿಗೆ ಬೇಡ ಎಂಬುದನ್ನು ಚೀಟಿ ಎತ್ತಿದ ಕ್ರಮದಲ್ಲಿ ನಿರ್ಧರಿಸಿ, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಹತ್ತು ವರ್ಷದ ಮೇಲೂ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಆಮವಾತ ಇದ್ದರೆ ಅಥವಾ ಚಿಪ್ಪಿನ ಒಳಮೈ ಪೂರ್ತಿ ಸವೆದಿದ್ದರೆ ಬಟನ್ ಹಾಕಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ನಮ್ಮ ಕಡೆಯ ಸಣ್ಣ ಮೈಕಟ್ಟಿನ ಹೆಂಗಸರ ಚಿಪ್ಪು ಹಲವು ಸಲ ತೆಳ್ಳಗಿರುತ್ತದೆ. ಅದನ್ನು ಇನ್ನಷ್ಟು ಕತ್ತರಿಸಿದರೆ ಮುಂದೆ ಒಡೆಯುವ ಭಯ ಉಂಟು. ಮೊಣಕಾಲು ಮಡಚಿಸಿ ತೆಗೆಯುವ ಸ್ಕೈಲೈನ್ ಎಕ್ಸ್‌ರೇಯಲ್ಲಿ ಚಿಪ್ಪಿನ ಸ್ಥಿತಿ ಕಾಣುತ್ತದೆ. ಅದನ್ನು ಮಾಡಿಸಿ. ಆಮೇಲೆ ಯಾವ ಸರ್ಜನರ ಮೇಲೆ ನಂಬಿಕೆಯೋ ಅವರಿಗೆ ರೂಢಿಯಾದ ಕ್ರಮದಲ್ಲೇ ಮಾಡಲು ಬಿಡಿ.

ನೀವು ಕೊನೆಯ ಸಾಲಿನಲ್ಲಿ ಬರೆದ "ಸ್ವಲ್ಪ" ಸಕ್ಕರೆ ನನಗೆ ಬಟನ್ನಿಗಿಂತ ದೊಡ್ಡ ವಿಷಯ. ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 8ಕ್ಕಿಂತ ಮೇಲಿದ್ದರೆ ಆಪರೇಷನ್ ಮುಂದೂಡಿ, ಅಡಿಕೆ ಕೊಯ್ಲಿನ ಮೊದಲೇ ಮುಗಿಸಬೇಕೆಂದು ಮನೆಯವರು ಅವಸರ ಮಾಡಿದರೂ ಸರಿ. ಮೂತ್ರ ಪರೀಕ್ಷೆಯಾಗಲಿ. ಹುಳುಕು ಹಲ್ಲಿದ್ದರೆ ಮೊದಲು ಕೀಳಿಸಿ. ಮಳೆಗಾಲದ ಕೆಸರಿಗೆ ಕಾಲ್ಬೆರಳ ಸಂದು ಹುಣ್ಣಾಗಿದ್ದರೆ ಅದು ಪೂರ್ತಿ ಒಣಗಲಿ. ಹೊಸ ಗಂಟಿಗೆ ಕೀವು ಹಿಡಿದರೆ ಅದನ್ನು ಬಿಡಿಸುವುದು ಮೊದಲ ಆಪರೇಷನ್ನಿಗಿಂತ ಎಷ್ಟೋ ಕಷ್ಟ.

ಪ್ರಶ್ನೆ: ತಂದೆಯವರಿಗೆ 71 ವರ್ಷ. ನಾಲ್ಕು ವರ್ಷದ ಹಿಂದೆ ಬಲಗಾಲಿನ ಗಂಟು ಬದಲಿಸಿದೆವು. ಆರಾಮವಿದ್ದರು. ಈಗ ಆರು ತಿಂಗಳಿಂದ ಗುಡ್ಡೆ ಹತ್ತುವಾಗ ಮಂಡಿಯ ಮುಂದೆ ನೋವು. ದುಡ್ಡು ಉಳಿಸಲು ಚಿಪ್ಪು ಬದಲಿಸದೆ ಬಿಟ್ಟಿದ್ದಾರೆ, ಅದಕ್ಕೇ ಹೀಗೆ ಎಂದು ನೆಂಟರು ಹೇಳುತ್ತಾರೆ. ಈಗ ಹಾಕಿಸಬಹುದೇ? ಸದ್ಯ ಬಿಸಿ ಎಣ್ಣೆ ತಿಕ್ಕಿ ಕಟ್ಟು ಹಾಕಿಸುತ್ತಿದ್ದೇವೆ.
– ಓದುಗರು, ಕಡಬ

ಉತ್ತರ: ಈ "ದುಡ್ಡು ಉಳಿಸಿದರು" ಎಂಬ ಮಾತನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಗಂಟಿಗೆ ಬೆಲೆ ಮಿತಿ ಹಾಕಿದಾಗ, ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಗಂಟಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಅದರಲ್ಲಿ ಚಿಪ್ಪಿನ ಬಟನ್ನಿನ ಪಾಲು 4,090 ರೂಪಾಯಿ ಮಾತ್ರ. ಸರ್ಜನರು ಚಿಪ್ಪನ್ನು ಬಿಡುವುದು ವೈದ್ಯಕೀಯ ಕಾರಣಕ್ಕೆ. ಬಟನ್ ಹಾಕಿದ್ದಾರೋ ಇಲ್ಲವೋ ಎಂದು ನೆಂಟರನ್ನು ಕೇಳುವುದಕ್ಕಿಂತ ಆಸ್ಪತ್ರೆಯ ಬಿಲ್ಲನ್ನೂ ಕಡತದಲ್ಲಿ ಅಂಟಿಸಿದ ಸ್ಟಿಕ್ಕರುಗಳನ್ನೂ ನೋಡಿ. ಆ ಕಾಗದಗಳನ್ನು ದಯವಿಟ್ಟು ಎಸೆಯಬೇಡಿ.

ಬಟನ್ ಇಲ್ಲದ್ದೇ ಕಾರಣವಾಗಿದ್ದರೆ ಮೂರೂವರೆ ವರ್ಷ ಆರಾಮವಾಗಿ ನಡೆದದ್ದು ಹೇಗೆ? ಚೆನ್ನಾಗಿದ್ದ ಗಂಟು ಹೊಸದಾಗಿ ನೋಯತೊಡಗಿದರೆ ಸೋಂಕು ಇಲ್ಲವೆಂದು ಖಾತ್ರಿಯಾಗುವವರೆಗೆ ನಾನು ಅದನ್ನು ಸೋಂಕೆಂದೇ ತಿಳಿಯುತ್ತೇನೆ. ಜ್ವರ ಬರಲೇಬೇಕೆಂದಿಲ್ಲ. ಇದೇ ವಾರ ರಕ್ತದ ಇಎಸ್‌ಆರ್, ಸಿಆರ್‌ಪಿ ಮತ್ತು ಎಕ್ಸ್‌ರೇ ಆಗಲಿ. ಸಂಶಯವಿದ್ದರೆ ಗಂಟಿನಿಂದ ನೀರು ತೆಗೆದು ಕಲ್ಚರ್‌ಗೆ ಕಳಿಸಬೇಕು. ಅದಕ್ಕೆ ಮೊದಲು ಯಾರೇ ಕೊಟ್ಟರೂ ಆಂಟಿಬಯಾಟಿಕ್ ನುಂಗಿಸಬೇಡಿ, ರೋಗಾಣು ಅಡಗಿ ಕುಳಿತರೆ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ. ಲೋಹ ಸಡಿಲವಾಗಿರಬಹುದು, ಸೊಂಟದ ಕೀಲಿನ ನೋವು ಮಂಡಿಗೆ ಇಳಿದಿರಲೂಬಹುದು. ಹಾಗಾಗಿ ಸೊಂಟದ ಎಕ್ಸ್‌ರೇಯೂ ಬೇಕು.

ಬಟನ್ ಹಾಕದವರಲ್ಲಿ ಮರು ಆಪರೇಷನ್ ಜಾಸ್ತಿ ಎಂದು ಕೆಲವು ದೇಶಗಳ ಲೆಕ್ಕ ತೋರಿಸುವುದು ನಿಜ. ಅದಕ್ಕೆ ಒಂದು ಕಾರಣ, ನೋವು ಬಂದಾಗ ಚಿಪ್ಪಿನ ಮೇಲೆ ತಪ್ಪು ಹೊರಿಸಿ ಮಾಡಲು ಅಲ್ಲೊಂದು ಆಪರೇಷನ್ ಬಾಕಿ ಇರುತ್ತದೆ. ಹಾಗೆ ಎರಡನೆಯ ಸಲ ಬಟನ್ ಹಾಕಿಸಿಕೊಂಡವರಲ್ಲಿ ಎಷ್ಟೋ ಜನರ ನೋವು ಹೋಗುವುದಿಲ್ಲ. ಬೇರೆ ಕಾರಣಗಳೆಲ್ಲ ಇಲ್ಲವೆಂದು ತಿಳಿದ ಮೇಲೆಯೇ ಆ ಮಾತು.

ಬಿಸಿ ಎಣ್ಣೆ, ಬಿಗಿ ಕಟ್ಟು ಇವತ್ತೇ ನಿಲ್ಲಿಸಿ. ಎಣ್ಣೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಒಳಗೆ ಲೋಹವಿರುವ ಗಂಟಿನ ಮೇಲೆ ಚರ್ಮ ಸುಟ್ಟು ಬೊಕ್ಕೆ ಎದ್ದರೆ ಕೀವಿಗೆ ಬಾಗಿಲು ತೆರೆದಂತೆಯೇ.

ಪ್ರಶ್ನೆ: 52 ವರ್ಷದ ಹೆಂಗಸು. ಅಡಿಕೆ ಸುಲಿಯಲು ಕೂತು ಎದ್ದರೆ ಮಂಡಿ ಹಿಡಿಯುತ್ತದೆ. ಎರಡು ವರ್ಷದಿಂದ ದಿನಾ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ತಿನ್ನುತ್ತಿದ್ದೇನೆ. ಗಂಟು ಬದಲಿಸಬೇಕೇ?
– ಓದುಗರು, ಪುತ್ತೂರು

ಉತ್ತರ: ಗಂಟಿನ ಮಾತು ಆಮೇಲೆ. ಎರಡು ವರ್ಷ ದಿನಾ ನೋವಿನ ಮಾತ್ರೆ! ನಾಳೆಯೇ ಕ್ರಿಯೇಟಿನಿನ್, ಮೂತ್ರ, ಬಿ.ಪಿ. ಪರೀಕ್ಷೆ ಮಾಡಿಸಿ. ಮೂತ್ರಪಿಂಡ ಕೆಟ್ಟರೆ ಅದಕ್ಕೆ ಬಟನ್ ಸಿಗುವುದಿಲ್ಲ. ಎತ್ತರದ ಸ್ಟೂಲಿನಲ್ಲಿ ಕೂತು ಸುಲಿಯಿರಿ, ತೊಡೆಯ ಸ್ನಾಯುವಿನ ವ್ಯಾಯಾಮ ಕಲಿಯಿರಿ, ತೂಕ ಇಳಿಸಿ. ನಿಮ್ಮ ಪ್ರಾಯಕ್ಕೆ ಆಪರೇಷನ್ ಕೊನೆಯ ಮಾತು.

ಪ್ರಶ್ನೆ: ಗಂಟು ಬದಲಿಸಿದ ಮೇಲೆ ಜಂಬರದಲ್ಲಿ ನೆಲದ ಪಂಕ್ತಿಗೆ ಕೂರಬಹುದೇ? ಹೊಸ ಗಂಟು ಎಷ್ಟು ವರ್ಷ ಬರುತ್ತದೆ?
– ಓದುಗರು, ಪುತ್ತೂರು

ಉತ್ತರ: ಕೂರಬೇಡಿ, ಮೇಜಿನ ಪಂಕ್ತಿಗೆ ಹೋಗಿ. ಮನೆಯಲ್ಲಿ ಕಮೋಡ್ ಆಪರೇಷನ್ನಿಗೆ ಮೊದಲೇ ಹಾಕಿಸಿ. ಆಸ್ಟ್ರೇಲಿಯ, ಫಿನ್ಲೆಂಡ್‌ಗಳ ದಾಖಲೆ ಆಧರಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ ಪೂರ್ಣ ಬದಲಿಸಿದ ಗಂಟುಗಳಲ್ಲಿ ನೂರಕ್ಕೆ ಸುಮಾರು 82 ಗಂಟುಗಳು 25 ವರ್ಷ ಬಾಳುತ್ತವೆ. ನೋವಿಲ್ಲದಿದ್ದರೂ ಸರ್ಜನರು ಹೇಳಿದ ಸಮಯಕ್ಕೆ ಹೋಗಿ ಎಕ್ಸ್‌ರೇ ಮಾಡಿಸಿಕೊಂಡು ಬನ್ನಿ, ಹಳೆಯ ಫಿಲ್ಮ್ ಜೊತೆಯಲ್ಲಿರಲಿ.